ಮಾತಾಡೋಕೆ ಯಾರಿದ್ದಾರೆ?

ಮಗ ಅಮೆರಿಕಕ್ಕೆ ಕರೆಸಿಕೊಂಡಿದ್ದಾನೆ, ವಯಸ್ಸಾದವರಿಗೆ ಇನ್ನೇನು ಕೊರತೆ ಅಂತೀರಾ? 2014ರ ಜನವರಿಯಲ್ಲಿ ಸುದ್ದಿಯಾದದ್ದು ಕೇಳಿ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಕೊರಿಯಾದಿಂದ ವಲಸೆ ಬಂದ ಹಿರಿಯರು ಮೆಕ್‌ಡೊನಾಲ್ಡ್ಸ್‌ನಲ್ಲಿ ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಹರಟುತ್ತಾರೆಂದು ಪೊಲೀಸರನ್ನೇ ಕರೆಸಿದ್ದರು! ಎಬ್ಬಿಸಿದರೂ ಮತ್ತೆ ಬಂದು ಕೂತರು. ಕಾಫಿಗಲ್ಲ, ತಮ್ಮ ಭಾಷೆಯ ನಾಲ್ಕು ಮಾತಿಗೆ. ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು ಎಂದರೆ ಅಲ್ಲಿ ಮನೆಯೇ ಜೈಲು. ಚೀನಾ, ಕೊರಿಯಾದ ಹಿರಿಯರು ಖಿನ್ನತೆ ಕಾಡಿದರೂ ಬೇಸರ ಎನ್ನುವುದಕ್ಕಿಂತ ನಿದ್ದೆಯಿಲ್ಲ, ಎದೆ ಭಾರ ಎನ್ನುವುದೇ ಹೆಚ್ಚು. ನುಂಗಿಕೊಂಡ ಸಿಟ್ಟು ಕಾಯಿಲೆಯಾದರೆ ಅದಕ್ಕೆ ಕೊರಿಯನ್ನರು ‘ಹ್ವಾಬ್ಯುಂಗ್’ ಅಂತ ಹೆಸರೇ ಇಟ್ಟಿದ್ದಾರೆ. (ನಮ್ಮ ಮನೆಗಳಲ್ಲೂ ಇದೆ, ಹೆಸರಿಲ್ಲ ಅಷ್ಟೆ!) ನೀವೂ ಮಗಳ ಬಾಣಂತನಕ್ಕೆಂದು ಹೊರಟಿದ್ದೀರಾ? ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟುವ ಮೊದಲು ಅವಳನ್ನು ಒಂದು ಕೇಳಿ: ನಡೆದುಹೋಗುವಷ್ಟು ಹತ್ತಿರದಲ್ಲಿ ಕನ್ನಡದವರು ಯಾರಾದರೂ ಇದ್ದಾರಾ?