ಆಸ್ಪತ್ರೆ ಮುಂದಿನ ಊಟ ದಿನನಿತ್ಯದ್ದಾಗಲಿ



1917ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆ ಹಸಿವು ನಿವಾರಣೆಯನ್ನು ತನ್ನ ಮುಖ್ಯ ಜಾಗತಿಕ ಸೇವಾಕಾರ್ಯಗಳಲ್ಲಿ ಒಂದಾಗಿ ಕೈಗೆತ್ತಿಕೊಂಡಿದೆ. ನಮ್ಮ ರಾಜ್ಯದ ಊರುಗಳಲ್ಲೂ ಅದರ ಸದಸ್ಯರು ಸರ್ಕಾರಿ ಆಸ್ಪತ್ರೆಗಳ ಮುಂದೆ ಅನ್ನ–ಸಾಂಬಾರು ಬಡಿಸುವುದುಂಟು. ಇದು ಅಭಿನಂದನಾರ್ಹ.

ಆದರೆ ಇಂಥ ಸೇವೆ ಹೆಚ್ಚಾಗಿ ಹುಟ್ಟುಹಬ್ಬ, ಪದಗ್ರಹಣ, ಪುಣ್ಯತಿಥಿಗಳಿಗೆ ಸೀಮಿತ. ಒಳರೋಗಿಗೆ ವಾರ್ಡಿನಲ್ಲೇ ಊಟ ಬರುತ್ತದೆ. ಕೂಲಿ ಬಿಟ್ಟು ಹಳ್ಳಿಯಿಂದ ಜೊತೆಗೆ ಬಂದು, ವರಾಂಡದಲ್ಲಿ ಮಲಗುವವರು ಮಾತ್ರ ಬನ್ನು–ಚಹಾದಲ್ಲೇ ದಿನ ನೂಕುತ್ತಾರೆ. ಅದೇ ಊರಿನ ಕಲ್ಯಾಣಮಂಟಪಗಳ ಹಿಂದೆ ಮಿಕ್ಕ ಅನ್ನ ತಿಪ್ಪೆ ಸೇರುತ್ತದೆ.

ಮಿಗುವ ಆಹಾರವನ್ನು ಸುರಕ್ಷಿತವಾಗಿ ಹಂಚಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲೇ ನಿಯಮ ರೂಪಿಸಿದೆ. ಲಯನ್ಸ್, ರೋಟರಿ ಕ್ಲಬ್‌ಗಳು ಅದರಡಿ ನೋಂದಾಯಿಸಿಕೊಂಡು ವಾರದ ದಿನಗಳನ್ನು ಹಂಚಿಕೊಂಡರೆ ಯಾವ ಒಂದು ಕ್ಲಬ್‌ಗೂ ಹೊರೆಯಾಗದು. ಪ್ರತಿ ಕಲ್ಯಾಣಮಂಟಪದಲ್ಲೂ ಈ ಕ್ಲಬ್‌ಗಳ ದೂರವಾಣಿ ಸಂಖ್ಯೆ ಪ್ರಕಟಿಸುವಂತೆ ಜಿಲ್ಲಾಡಳಿತ ಸೂಚಿಸಲಿ. ಆಸ್ಪತ್ರೆಯವರು ನೆರಳು, ಕುಡಿಯುವ ನೀರು, ಕೈತೊಳೆಯುವ ಜಾಗ ಒದಗಿಸಲಿ.

ಮೊದಲ ಹೆಜ್ಜೆಯಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂಟ ಆರಂಭಿಸಲು ಆರೋಗ್ಯ ಇಲಾಖೆ ಅನುವು ಮಾಡಿಕೊಡಬೇಕೆಂದು ವಿನಂತಿ.

– ಓರ್ವ ಓದುಗ