ಸಿಡಿದದ್ದು ರಿಯಾಕ್ಟರೋ, ಮಾಲೀಕರ ಲೆಕ್ಕವೋ?

ಎಲ್ಲಿಯಾದರೂ ಕಾರ್ಖಾನೆಯಲ್ಲಿ ಸ್ಫೋಟವಾಗಿ ಕೂಲಿಕಾರರು ಸತ್ತರೆ, ಮರುದಿನ ದೊಡ್ಡ ಪತ್ರಿಕೆಗಳ ತಲೆಬರಹ ಒಂದೇ: "ರಿಯಾಕ್ಟರ್ ಸ್ಫೋಟ". ವಾಕ್ಯಕ್ಕೊಬ್ಬ ಕರ್ತೃ ಬೇಕೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಇಲ್ಲಿ ಕರ್ತೃ ಯಾರು? ರಿಯಾಕ್ಟರು! ಮಾಲೀಕನ ಹೆಸರಿಲ್ಲ, ಮ್ಯಾನೇಜರನ ಸುದ್ದಿಯಿಲ್ಲ, ತಪಾಸಣೆಗೆ ಬಾರದ ಇನ್‌ಸ್ಪೆಕ್ಟರನ ಮಾತೇ ಇಲ್ಲ. ಹಿಂದೆ ಊರಿಗೆ ಬೇನೆ ಬಂದರೆ ಮಾರಿ ಮುನಿದಳೆನ್ನುತ್ತಿದ್ದರು. ಈಗ ಸೂಟುಬೂಟಿನವರು ರಿಯಾಕ್ಟರು ಮುನಿಯಿತೆನ್ನುತ್ತಾರೆ. ಮೂಢನಂಬಿಕೆಗೆ ಇಂಗ್ಲಿಷ್ ಹೆಸರಿಟ್ಟ ಮಾತ್ರಕ್ಕೆ ಅದು ವಿಜ್ಞಾನವಾಗದು.

ಆದ್ದರಿಂದ ಮೊದಲು ಈ ಶಬ್ದಕ್ಕೆ ಹಿಡಿದ ಭೂತವನ್ನು ಬಿಡಿಸೋಣ. ಎರಡು ಪದಾರ್ಥಗಳು ಕೂಡಿ ಬೇರೆಯೇ ಪದಾರ್ಥವಾಗುವುದನ್ನು ರಸಾಯನಶಾಸ್ತ್ರ ಕ್ರಿಯೆ ಎನ್ನುತ್ತದೆ. ಆ ಕ್ರಿಯೆ ನಡೆಯುವ ಪಾತ್ರೆಯೇ ರಿಯಾಕ್ಟರು. ಸುಟ್ಟ ಸುಣ್ಣಕ್ಕೆ ನೀರು ಹೊಯ್ದ ಗಡಿಗೆ ರಿಯಾಕ್ಟರು. ಸಾಬೂನು ಕುದಿಸುವ ಕಡಾಯಿ ರಿಯಾಕ್ಟರು. ವಿದ್ಯುತ್ತಿನವರ ಭಾಷೆಯಲ್ಲಿ ಅರ್ಥವೇ ಬೇರೆ. ಅವರಿಗೆ ಅದು ತಂತಿಯ ಸುರುಳಿ, ವಿದ್ಯುತ್ ಪ್ರವಾಹದ ಏರಿಳಿತವನ್ನು ತಡೆದು ಹಿಡಿಯುವ ಸಾಧನ. ಅಂಗಡಿಯ ಹಳೆಯ ಟ್ಯೂಬ್‌ಲೈಟಿನ ಚೋಕು ಅದೇ ಜಾತಿಯದು. ೧೯೪೨ರ ಡಿಸೆಂಬರ್ ೨ರಂದು ಚಿಕಾಗೋದಲ್ಲಿ ಫರ್ಮಿ ಮತ್ತು ಆತನ ಸಂಗಡಿಗರು ಯುರೇನಿಯಂ ಪರಮಾಣುಗಳನ್ನು ಸರಣಿಯಾಗಿ ಸೀಳಿ ತೋರಿಸಿದಾಗ, ಆ ಸಾಧನಕ್ಕೆ "ರಾಶಿ" ಎಂಬರ್ಥದ ಹೆಸರಿತ್ತು. ಗ್ರಾಫೈಟಿನ ಇಟ್ಟಿಗೆಗಳನ್ನು ರಾಶಿ ಒಟ್ಟಿದ್ದರು, ಅಷ್ಟೆ. ರಿಯಾಕ್ಟರೆಂಬ ಹೆಸರು ಅದಕ್ಕೆ ಅಂಟಿದ್ದು ಆಮೇಲೆ. ೧೯೫೬ರ ಆಗಸ್ಟ್ ೪ರಂದು ನಮ್ಮ ದೇಶದ ಮೊದಲ ಅಣು ರಿಯಾಕ್ಟರು ಟ್ರಾಂಬೆಯಲ್ಲಿ ಚಾಲೂ ಆಯಿತು. ಅದಕ್ಕೆ ಅಪ್ಸರೆಯ ಹೆಸರನ್ನೇ ಇಟ್ಟರು. ಅಂದಿನಿಂದ ಈ ಶಬ್ದ ದೇವಲೋಕಕ್ಕೇರಿ ಕುಳಿತಿದೆ, ಸಾಮಾನ್ಯರು ಕೈಮುಗಿಯಬಹುದೇ ಹೊರತು ಪ್ರಶ್ನಿಸಕೂಡದು ಎಂಬಂತೆ.

ರಾಸಾಯನಿಕ ಕಾರ್ಖಾನೆಯ ರಿಯಾಕ್ಟರಿಗೂ ಅಣುಶಕ್ತಿಯ ರಿಯಾಕ್ಟರಿಗೂ ಒಂದು ಗುಣ ಸಮಾನ. ಕ್ರಿಯೆಯನ್ನು ಹೊತ್ತಿಸುವುದಷ್ಟೇ ಅಲ್ಲ, ಹಿಡಿತದಲ್ಲಿಡುವುದೂ ಅದರ ಕೆಲಸ. ಸುಣ್ಣ ಅರಳಿಸಿದವರು ಬಲ್ಲರು: ಹಿಡಿ ಸುಣ್ಣ ಬಿಸಿಯಾಗಿ ಆರುತ್ತದೆ, ಹೊಂಡದ ತುಂಬ ಸುಣ್ಣ ಕೊತಕೊತ ಕುದಿದು ಎಗರುತ್ತದೆ. ಇದಕ್ಕೆ ಸರಳ ಲೆಕ್ಕವಿದೆ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಒಳಗಿನ ಸರಕು ಎಂಟು ಪಾಲಾಗುತ್ತದೆ. ಕಾವು ಹೊರಹೋಗುವ ಗೋಡೆ ನಾಲ್ಕೇ ಪಾಲು. ಉಳಿದ ಕಾವು ಒಳಗೇ ಕೂಡಿ ಕ್ರಿಯೆಯನ್ನು ಇನ್ನೂ ಬಿರುಸು ಮಾಡುತ್ತದೆ, ಆ ಬಿರುಸು ಮತ್ತೆ ಕಾವನ್ನು ಹೆಚ್ಚಿಸುತ್ತದೆ. ಅದಕ್ಕೇ ತಣ್ಣೀರಿನ ಪಂಪು ಬೇಕು, ಕಲಕುವ ಯಂತ್ರ ಬೇಕು, ಒತ್ತಡ ಬಿಡುವ ಕವಾಟ ಬೇಕು, ರಾತ್ರಿ ಪಾಳಿಯಲ್ಲಿ ಸಾಕಷ್ಟು ಜನ ಬೇಕು. ಇವೆಲ್ಲ ಖರ್ಚಿನ ಬಾಬುಗಳು. ಲಾಭ ಕುಗ್ಗಿದಾಗ ಮಾಲೀಕನ ಕತ್ತರಿ ಮೊದಲು ಬೀಳುವುದು ಇವುಗಳ ಮೇಲೆಯೇ.

ಭೋಪಾಲವನ್ನು ನೆನೆಯಿರಿ. ೧೯೮೪ರ ಡಿಸೆಂಬರ್ ೨ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷ ಕಾರಿದ್ದು ಕಾಗದದ ಮೇಲೆ ರಿಯಾಕ್ಟರೇ ಅಲ್ಲ, ಸರಕು ತುಂಬಿಡುವ ಟ್ಯಾಂಕು. ಒಳಗಿದ್ದದ್ದು ಸುಮಾರು ೪೦ ಟನ್ ಮೀಥೈಲ್ ಐಸೊಸಯನೇಟ್. ಅದಕ್ಕೆ ನೀರು ಸೇರಿತು. ಯಾರೂ ರಿಯಾಕ್ಟರೆನ್ನದ ಟ್ಯಾಂಕು ಕಡಿವಾಣವಿಲ್ಲದ ರಿಯಾಕ್ಟರಾಯಿತು. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲ ಸುಡುವ ಗೋಪುರದ ಕೊಳವೆಯನ್ನು ಬಿಚ್ಚಿಟ್ಟಿದ್ದರು. ಸತ್ತವರು ಸಾವಿರಾರು, ಗೇಟಿನಾಚೆ ಜೋಪಡಿಗಳಲ್ಲಿ ಮಲಗಿದ್ದ ಬಡಜನರೇ ಬಹಳ. ಕಂಪೆನಿ ಕೊಟ್ಟ ಉತ್ತರವೇನು? ಮುನಿದ ಕಾರ್ಮಿಕನೊಬ್ಬ ಬೇಕೆಂದೇ ನೀರು ಬಿಟ್ಟನಂತೆ! ೧೯೮೯ರಲ್ಲಿ ೪೭ ಕೋಟಿ ಡಾಲರಿಗೆ ವ್ಯವಹಾರ ಚುಕ್ತಾ ಆಯಿತು.

ಅಂದಿನಿಂದ ಪಾಠ ಕಲಿತರೇ? ೨೦೨೪ರ ಆಗಸ್ಟ್ ೨೧ರಂದು ಆಂಧ್ರದ ಅಚ್ಯುತಾಪುರದ ಔಷಧಿ ಕಾರ್ಖಾನೆಯಲ್ಲಿ ೧೭ ಮಂದಿ ಸತ್ತರು. ಮೊದಲ ಸುದ್ದಿ, "ರಿಯಾಕ್ಟರ್ ಸ್ಫೋಟ". ಆಮೇಲೆ ತಿಳಿದದ್ದು, ಸೋರಿದ ದ್ರಾವಕದ ಆವಿಗೆ ಕಿಡಿ ತಗಲಿತ್ತೆಂದು. ೨೦೨೫ರ ಜೂನ್ ೩೦ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ೪೦ಕ್ಕೂ ಹೆಚ್ಚು ಮಂದಿ ಸತ್ತರು; ಹೊಟ್ಟೆಪಾಡಿಗೆ ಪರರಾಜ್ಯಗಳಿಂದ ಬಂದವರು ಅವರಲ್ಲಿ ಅನೇಕರು. ಆಗಲೂ ಮೊದಲು ರಿಯಾಕ್ಟರೆಂದರು. ಆಮೇಲೆ ಪುಡಿ ಒಣಗಿಸುವ ಘಟಕದತ್ತ ಬೆರಳು ತೋರಿಸಿದರು. ಸೋರುವ ಕೊಳವೆಯೂ ರಿಯಾಕ್ಟರು, ಒಣಗಿಸುವ ಯಂತ್ರವೂ ರಿಯಾಕ್ಟರು! ಸತ್ಯವನ್ನು ಹೂಳಲು ಒಂದೇ ಶಬ್ದ ಸಾಕಾಗಿದೆ.

"ಇದೆಲ್ಲ ಎಂಜಿನಿಯರರ ವಿಷಯ, ಕೂಲಿಯವರಿಗೇಕೆ?" ಎನ್ನುವ ಮಹಾಶಯರಿದ್ದಾರೆ. ಎಂಜಿನಿಯರರೇ ಕಾವಲಿದ್ದ ನಮ್ಮ ಕೈಗಾದಲ್ಲಿ ೧೯೯೪ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಅಣುಸ್ಥಾವರದ ಗುಮ್ಮಟದ ಒಳಪದರ ಕುಸಿಯಿತು. ೨೦೦೯ರಲ್ಲಿ ಅಲ್ಲಿಯೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತು ೫೦ಕ್ಕೂ ಹೆಚ್ಚು ನೌಕರರ ದೇಹ ಸೇರಿತು. ನಾವು ವಿಜ್ಞಾನದ ವೈರಿಗಳಲ್ಲ. ವಿಜ್ಞಾನವನ್ನು ಬೀಗ ಹಾಕಿಟ್ಟುಕೊಂಡವರ ವೈರಿಗಳು. ರಿಯಾಕ್ಟರೆಂಬ ಶಬ್ದ ಹುಟ್ಟಿದ ಇಂಗ್ಲಿಷ್ ಧಾತುವಿನಿಂದಲೇ ನಾವು "ಪ್ರತಿಗಾಮಿ" ಎಂದು ಕನ್ನಡಿಸಿಕೊಂಡ ಶಬ್ದವೂ ಹುಟ್ಟಿದೆ. ಜನರ ತಿಳಿವಳಿಕೆಗೆ ಅಡ್ಡನಿಂತು ಕಾಲವನ್ನು ಹಿಂದಕ್ಕೆ ಎಳೆಯುವವನು ಪ್ರತಿಗಾಮಿ. ರಿಯಾಕ್ಟರಿಗಿಂತ ಅವನೇ ಅಪಾಯಕಾರಿ.

ಭೋಪಾಲದ ಬಳಿಕ, ೧೯೮೭ರಲ್ಲಿ, ಕಾರ್ಖಾನೆ ಕಾಯಿದೆಗೆ ಹೊಸ ಅಧ್ಯಾಯ ಸೇರಿಸಿ ಅಪಾಯದ ವಿವರವನ್ನು ಕಾರ್ಮಿಕರಿಗೂ ನೆರೆಹೊರೆಗೂ ತಿಳಿಸಬೇಕೆಂದು ವಿಧಿಸಿದರು. ಎಷ್ಟು ಗೇಟುಗಳ ಮುಂದೆ ಆ ವಿವರ ಕಂಡಿದ್ದೀರಿ? ೨೦೨೫ರ ನವೆಂಬರ್ ೨೧ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಪುಸ್ತಕದ ರಟ್ಟು ಬದಲಾದರೆ ನಮಗೇನು?

ನಮ್ಮ ಬೇಡಿಕೆ ಇಷ್ಟು. ಪ್ರತಿ ಕಡಾಯಿ, ಕಿಯರು, ಟ್ಯಾಂಕಿನ ಮೇಲೆ ಒಳಗೇನಿದೆ, ಎಷ್ಟು ಡಿಗ್ರಿಯವರೆಗೆ ಕ್ಷೇಮ, ಮೀರಿದರೆ ಏನು ಮಾಡಬೇಕೆಂದು ಕನ್ನಡದಲ್ಲಿ, ಪರರಾಜ್ಯದವರಿದ್ದರೆ ಅವರ ಭಾಷೆಯಲ್ಲೂ, ಬರೆದಿರಬೇಕು. ತಪಾಸಣೆಯ ವರದಿ ಗೇಟಿನಲ್ಲಿ ತೂಗಬೇಕು. ಅಪಾಯ ಕಂಡು ಕೆಲಸ ನಿಲ್ಲಿಸಿದ ಕಾರ್ಮಿಕನ, ಅವನು ಗುತ್ತಿಗೆಯವನಾಗಿದ್ದರೂ, ಒಂದು ದಿನದ ಕೂಲಿಯೂ ಮುರಿಯಕೂಡದು. ಮಿಲ್ಲಿನ ಗೋಡೆಗೆ ಒರಗಿ ಅಂಗಡಿ ಇಟ್ಟ ವ್ಯಾಪಾರಿ ಬಂಧುಗಳೂ ಇದನ್ನು ಕೇಳಬೇಕು. ಅನಿಲ ಗೋಡೆ ನೋಡಿ ನಿಲ್ಲುವುದಿಲ್ಲ.

ಇನ್ನು ಮುಂದೆ "ರಿಯಾಕ್ಟರು ಸಿಡಿಯಿತು" ಎಂದು ಯಾರಾದರೂ ಓದಿ ಹೇಳಿದರೆ ತಲೆದೂಗಿ ಸುಮ್ಮನಾಗಬೇಡಿ. ಪಂಪು ನಿಲ್ಲಿಸಿದವರು ಯಾರು, ಪಾಳಿಯ ಜನ ಕಡಿತ ಮಾಡಿದವರು ಯಾರು, ವರದಿಗೆ ಕಣ್ಣುಮುಚ್ಚಿ ರುಜು ಹಾಕಿದವರು ಯಾರು ಎಂದು ಕೇಳಿರಿ. ಹೆಸರು ಸಿಗುವವರೆಗೂ ಕೇಳಿರಿ.