ಮಣಿಕಟ್ಟಿನ ಪಟ್ಟಿ ಮತ್ತು ಊರಿನ ಗದ್ದಲ

ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದು ಇಂದು ನಾಡಿಬಡಿತವನ್ನು ಅಳೆಯುತ್ತದೆ. ಸಂಶೋಧಕರು ಬಳಸುವ ಕೆಲವು ಪಟ್ಟಿಗಳು ಬೆವರಿನಿಂದ ಚರ್ಮದ ವಿದ್ಯುತ್‌ವಾಹಕತೆಯಲ್ಲಾಗುವ ಸೂಕ್ಷ್ಮ ವ್ಯತ್ಯಾಸವನ್ನೂ ಹಿಡಿಯುತ್ತವೆ. ಇದಕ್ಕೆ ಮೊಬೈಲಿನ ಜಿಪಿಎಸ್ ಸೇರಿದರೆ, ನಗರದ ಯಾವ ರಸ್ತೆಯಲ್ಲಿ ದೇಹ ಉದ್ವೇಗಗೊಂಡಿತು, ಯಾವ ಮರದ ನೆರಳಿನಲ್ಲಿ ಶಾಂತವಾಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಬಹುದು.

ಆದರೆ ದೇಹದ ಉದ್ವೇಗವೆಲ್ಲವೂ ಮನಸ್ಸಿನ ಸಂಕಟವಲ್ಲ. ಮೆಟ್ಟಿಲು ಹತ್ತಿದರೂ, ಬಹುಕಾಲದ ಗೆಳೆಯ ಎದುರಾದರೂ ಎದೆ ಬಡಿದುಕೊಳ್ಳುತ್ತದೆ. ನಮ್ಮ ಬೇಸಗೆಯ ಬೆವರಂತೂ ಯಾವ ಯಂತ್ರವನ್ನಾದರೂ ದಾರಿ ತಪ್ಪಿಸೀತು! ಆದುದರಿಂದ ಧರಿಸಿದವರ ಮಾತನ್ನೂ ಕೇಳಲೇಬೇಕು. ಜರ್ಮನಿಯ ಮಾನ್‌ಹೈಮ್ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಗರವಾಸಿಗಳು ಒಂದು ವಾರ ಮೊಬೈಲ್ ಜೊತೆಗಿರಿಸಿಕೊಂಡು, ದಿನಕ್ಕೆ ಹಲವು ಬಾರಿ ತಮ್ಮ ಮನಃಸ್ಥಿತಿಯನ್ನು ತಾವೇ ದಾಖಲಿಸಿದರು. ಹಸಿರಿನ ನಡುವೆ ಇದ್ದಾಗ ಅವರ ಮನಸ್ಸು ಹೆಚ್ಚು ಪ್ರಸನ್ನವಾಗಿತ್ತು.

ನನ್ನನ್ನು ಕಾಡುವ ಪ್ರಶ್ನೆ ಬೇರೊಂದು. ಪಟ್ಟಿಯು ‘ಒತ್ತಡ ಹೆಚ್ಚಿದೆ, ದೀರ್ಘವಾಗಿ ಉಸಿರಾಡಿ’ ಎನ್ನುತ್ತದೆ. ಧ್ಯಾನ, ಪ್ರಾಣಾಯಾಮ ಬೇಡವೆನ್ನುವವನು ನಾನಲ್ಲ. ಆದರೆ ಇರುಳೆಲ್ಲ ಹಾರ್ನ್ ಕೇಳುವ ಮನೆಯವರಿಗೆ ಉಸಿರಾಟದ ಪಾಠ ಹೇಳಿ, ಗದ್ದಲವನ್ನು ಹಾಗೆಯೇ ಬಿಡುವುದು ಯಾವ ನ್ಯಾಯ? ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದವು 45 ಡೆಸಿಬಲ್ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2000ನೇ ಇಸವಿಯಿಂದಲೇ ಇದೆ. ಇಂತಹ ಅಧ್ಯಯನಗಳ ಫಲವು, ಯಾರ ಹೆಸರು ವಿಳಾಸಗಳೂ ತಿಳಿಯದಂತೆ, ನಗರಪಾಲಿಕೆಯ ಮೇಜನ್ನು ತಲುಪಬೇಕು. ಎಲ್ಲಿ ಮರ ನೆಡಬೇಕು, ಎಲ್ಲಿ ಲಾರಿಗಳನ್ನು ತಡೆಯಬೇಕು ಎಂಬ ತೀರ್ಮಾನಕ್ಕೆ ಅದು ಆಧಾರವಾಗಲಿ.